ಕರೆಂಟಿಲ್ಲದ ಕಡೆಗೆ ತಂಪಿನ ಪೆಟ್ಟಿಗೆ

ಮಂಗಳೂರಿನ ನಂತೂರು ವೃತ್ತದಲ್ಲಿ ಬೆಳಗಿನ ಹೊತ್ತು ಬಸ್ಸಿಗೆ ಕಾದವರಿಗೆ ಒಂದು ದೃಶ್ಯ ಪರಿಚಿತ. ಮೀನು ಹೇರಿಕೊಂಡ ವಾಹನ ದಟ್ಟಣೆಯಲ್ಲಿ ನಿಲ್ಲುತ್ತದೆ. ಅದರ ಹಿಂಬದಿಯಿಂದ ನೀರು ತೊಟ್ಟಿಕ್ಕುತ್ತದೆ. ಪಕ್ಕದ ಸ್ಕೂಟರಿನವರು ಕಾಲು ಎತ್ತಿಕೊಳ್ಳುತ್ತಾರೆ. ಮೂಗು ಮುಚ್ಚಿಕೊಂಡು ನಾವು ಮುಖ ತಿರುಗಿಸುವ ಆ ನೀರಿನಲ್ಲಿ ಭೌತಶಾಸ್ತ್ರದ ಒಂದು ಒಳ್ಳೆಯ ಪಾಠವಿದೆ. ಬಂಗುಡೆಯನ್ನು ಕೆಡಿಸಬೇಕಾಗಿದ್ದ ಉಷ್ಣವನ್ನು ಐಸು ತಾನು ಹೀರಿಕೊಂಡು ಕರಗಿದೆ. ರಸ್ತೆಗೆ ಬೀಳುವ ಒಂದೊಂದು ಹನಿಯೂ ಪೆಟ್ಟಿಗೆಯೊಳಗೆ ನುಗ್ಗಿದ ಉಷ್ಣದ ಲೆಕ್ಕ.

ಇದೇ ನಂತೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೆದ್ದಾರಿ 169 ಸೇರುತ್ತದೆ. ಈ ಎರಡನೆಯ ರಸ್ತೆ ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳದ ಹಾದಿಯಾಗಿ ಘಟ್ಟ ಹತ್ತಿ ಕುದುರೆಮುಖದ ಕಡೆಗೆ ಸಾಗುತ್ತದೆ. ಘಟ್ಟದ ಬುಡದ ಹಳ್ಳಿಗಳಿಗೆ ಶಿಬಿರಕ್ಕೆಂದು ಹೋಗುವ ವಿದ್ಯಾರ್ಥಿಗಳಿಗೆ ಈ ದಾರಿ ಗೊತ್ತು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ ಏಳು ದಿನಗಳದ್ದು. ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ಆ ಏಳು ದಿನವೂ ಕರೆಂಟಿನ ಭರವಸೆ ಇಲ್ಲ. ಹಾಲಿಲ್ಲದಿದ್ದರೆ ಕಪ್ಪು ಚಹಾ ಕುಡಿಯಬಹುದು. ಆದರೆ ತಂಡದಲ್ಲಿ ಮಧುಮೇಹವಿರುವ ಒಬ್ಬ ವಿದ್ಯಾರ್ಥಿನಿ ಇದ್ದರೆ? ಇನ್ಸುಲಿನ್ ಇಡಲು ಜಾಗವಿಲ್ಲವೆಂದು ಅವಳೊಬ್ಬಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕೇ? ಬೇಕಿಲ್ಲ ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಪರದೆಯ ಮೇಲೆ ಲೆಕ್ಕ ಬಿಡಿಸಲು ಸಮಯ ಸಾಲುವುದಿಲ್ಲ; ಇಲ್ಲಿ ಪೆನ್ಸಿಲು ಹಿಡಿದು ಓದಿ.

ನಾವು ಮಾಡಿದ ಎರಡು ತಪ್ಪು

ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಾವು ಐದು ದಿನಗಳ ಚಿತ್ರೀಕರಣಕ್ಕೆ ಹೋಗಿದ್ದೆವು. ತಂಡದ ಒಬ್ಬರು ದಿನವೂ ಇನ್ಸುಲಿನ್ ತೆಗೆದುಕೊಳ್ಳುವವರು. ಯಾರಿಂದಲೋ ಎರವಲು ತಂದ, ಜೀಪಿನಲ್ಲಿ ಸಿಕ್ಕಿಸಬಹುದಾದ ಸಣ್ಣ ಕೂಲರ್ ಪೆಟ್ಟಿಗೆ ನಮ್ಮಲ್ಲಿತ್ತು. ರಾತ್ರಿಯಿಡೀ ಅದನ್ನು ಜೀಪಿನ ಬ್ಯಾಟರಿಯಿಂದಲೇ ನಡೆಸಿದೆವು. ಬೆಳಗ್ಗೆ ಕೀಲಿ ತಿರುಗಿಸಿದರೆ ಜೀಪು ಕಮಕ್ ಕಿಮಕ್ ಎನ್ನಲಿಲ್ಲ. ಊರವರು ಸೇರಿ ತಳ್ಳಿದ ಮೇಲೆ ಹೊರಟಿತು.

ಆಗಿದ್ದೇನು? ಆ ಪೆಟ್ಟಿಗೆ ಎಳೆಯುತ್ತಿದ್ದುದು ಸುಮಾರು 50 ವ್ಯಾಟ್. ಹತ್ತು ಗಂಟೆಗೆ 500 ವ್ಯಾಟ್-ಗಂಟೆ. ಜೀಪಿನಲ್ಲಿದ್ದುದು 12 ವೋಲ್ಟಿನ, 60 ಆಂಪಿಯರ್-ಗಂಟೆಯ ಬ್ಯಾಟರಿ. ಎರಡನ್ನೂ ಗುಣಿಸಿದರೆ 720 ವ್ಯಾಟ್-ಗಂಟೆ. ಸಾಕಲ್ಲವೇ ಎನ್ನುತ್ತೀರಿ. ಸಾಲದು. ವಾಹನದ ಬ್ಯಾಟರಿ ಎಂಜಿನನ್ನು ಎಬ್ಬಿಸಲು ಕೆಲವೇ ಕ್ಷಣ ಭಾರಿ ಪ್ರವಾಹ ಕೊಡಲೆಂದು ಮಾಡಿದ್ದು. ಅದರಿಂದ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೀರಿದರೆ ಎಂಜಿನ್ ಎಬ್ಬಿಸುವ ಬಲವೂ ಉಳಿಯದು, ಬ್ಯಾಟರಿಯ ಆಯುಷ್ಯವೂ ಕುಗ್ಗುತ್ತದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಕೂಲರಿನ ಸಹವಾಸ ಬೇಡವೆಂದು ಪೇಟೆಯಿಂದ ಐಸು ತರಿಸಿ, ಇನ್ಸುಲಿನ್ ಸೀಸೆಯನ್ನು ಅದರ ನಡುವೆ ಹುದುಗಿಸಿಟ್ಟೆವು. ಸಂಜೆ ನೋಡಿದರೆ ಔಷಧ ಹೆಪ್ಪುಗಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಕಣ್ಣಿಗೆ ಸರಿಯಾಗಿಯೇ ಕಂಡರೂ ಅದನ್ನು ನಂಬುವಂತಿಲ್ಲ, ಎಸೆಯಲೇಬೇಕು. ಕಾರ್ಕಳಕ್ಕೆ ಹೋಗಿ ಹೊಸ ಸೀಸೆ ತರುವವರೆಗೆ ನಮ್ಮಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ವಿಜ್ಞಾನ ಓದಿ ಪದವಿ ಪಡೆದ ನಾನು ತಲೆ ತಗ್ಗಿಸಿ ಕುಳಿತಿದ್ದೆ.

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ

ತಂಪು ಎಂಬ ವಸ್ತು ಇಲ್ಲ. ಇರುವುದು ಉಷ್ಣ ಮಾತ್ರ. ದೋಣಿಯೊಳಗೆ ನುಗ್ಗುವ ನೀರನ್ನು ಮೊಗೆದು ಹೊರಗೆ ಚೆಲ್ಲುವಂತೆ, ಪೆಟ್ಟಿಗೆಯೊಳಗೆ ನುಗ್ಗುವ ಉಷ್ಣವನ್ನು ಫ್ರಿಜ್ ಮೊಗೆದು ಹೊರಗೆ ಹಾಕುತ್ತದೆ. ಆದ್ದರಿಂದ ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು ಕೇಳುವ ಮೊದಲು ಕೇಳಬೇಕಾದ್ದು: ದೋಣಿ ಎಷ್ಟು ಸೋರುತ್ತಿದೆ?

ಮೊಗೆಯುವ ಯಂತ್ರಗಳಲ್ಲಿ ಮೂರು ಬಗೆ.

ಮೊದಲನೆಯದು ನಮ್ಮ ಜೀಪಿನಲ್ಲಿದ್ದದ್ದು. ಎರಡು ಬೇರೆ ಬೇರೆ ವಾಹಕಗಳ ಸಂಧಿಯಲ್ಲಿ ವಿದ್ಯುತ್ ಹರಿಸಿದರೆ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ ಆಗುತ್ತದೆಂದು 1834ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಕಂಡುಹಿಡಿದ. ಈ ತತ್ತ್ವದ ಪೆಟ್ಟಿಗೆ ಅಗ್ಗ, ಹಗುರ. ಆದರೆ ಅದು ಹೊರಗಿನ ಉಷ್ಣತೆಗಿಂತ ಸಾಮಾನ್ಯವಾಗಿ 15ರಿಂದ 20 ಡಿಗ್ರಿಯಷ್ಟೇ ಕೆಳಗಿಳಿಸಬಲ್ಲದು. ಮೇ ತಿಂಗಳಿನಲ್ಲಿ ಹೊರಗೆ 34 ಡಿಗ್ರಿ ಇದ್ದರೆ ಒಳಗೆ 14 ಡಿಗ್ರಿಯಾದರೆ ಅದೃಷ್ಟ. ಔಷಧಕ್ಕೆ ಬೇಕಾದ 2ರಿಂದ 8 ಡಿಗ್ರಿ ಅದರ ಕೈಗೆಟುಕದು. ಬಿಡುವಿಲ್ಲದೆ ವಿದ್ಯುತ್ ಎಳೆಯುವುದೂ ಅದರ ಸ್ವಭಾವ.

ಎರಡನೆಯದು ಅಡುಗೆ ಅನಿಲದ ಜ್ವಾಲೆಯಿಂದ ನಡೆಯುವ ಫ್ರಿಜ್. ಬೆಂಕಿಯಿಂದ ತಂಪು! ಜ್ವಾಲೆಯ ಉಷ್ಣ ಅಮೋನಿಯಾವನ್ನು ನೀರಿನಿಂದ ಬೇರ್ಪಡಿಸುತ್ತದೆ. ಅದು ದ್ರವವಾಗಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಉಷ್ಣವನ್ನು ಹೀರುತ್ತದೆ. ಚಲಿಸುವ ಭಾಗಗಳೇ ಇಲ್ಲದ ಈ ವಿಧಾನವನ್ನು 1922ರಲ್ಲಿ ರೂಪಿಸಿದವರು ಸ್ವೀಡನ್ನಿನ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬಿಬ್ಬರು ವಿದ್ಯಾರ್ಥಿಗಳು. ನಿಮ್ಮದೇ ವಯಸ್ಸಿನ ಆಸುಪಾಸಿನವರು. ಆದರೆ ಈ ಫ್ರಿಜ್ ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಮುಚ್ಚಿದ ಡೇರೆಯಲ್ಲಿ ಅನಿಲ ಉರಿದರೆ ಕಾರ್ಬನ್ ಮಾನಾಕ್ಸೈಡ್ ವಿಷ ತುಂಬಿಕೊಳ್ಳಬಹುದು. ವಿದ್ಯಾರ್ಥಿ ಶಿಬಿರಕ್ಕೆ ಇದು ಬೇಡ.

ಮೂರನೆಯದು ಮನೆಯ ಫ್ರಿಜ್ಜಿನ ತಮ್ಮ. ಅದೇ ಕಂಪ್ರೆಸರ್, ಆದರೆ ಸಣ್ಣದು. ನೇರವಾಗಿ 12 ವೋಲ್ಟಿನಲ್ಲಿ ನಡೆಯುತ್ತದೆ. ಓಡುವಾಗ 40ರಿಂದ 60 ವ್ಯಾಟ್ ಎಳೆದರೂ ಒಳಗೆ ತಂಪಾದೊಡನೆ ತಾನೇ ನಿಲ್ಲುತ್ತದೆ. ಬೇಕಾದ ಉಷ್ಣತೆಗೆ ಹೊಂದಿಸಬಹುದು. ಬಾಗಿಲು ಪಕ್ಕದಲ್ಲಲ್ಲ, ಮೇಲ್ಗಡೆ ಇರುವುದೂ ಒಂದು ಗುಣವೇ. ತಂಪು ಗಾಳಿ ಭಾರವಾದ್ದರಿಂದ ಮುಚ್ಚಳ ತೆಗೆದಾಗ ಬಾವಿಯ ನೀರಿನಂತೆ ಒಳಗೇ ನಿಲ್ಲುತ್ತದೆ. ದೀರ್ಘ ಶಿಬಿರಕ್ಕೆ ಕೊಳ್ಳುವುದಾದರೆ ಇದೇ ಸರಿ.

ಸೋರಿಕೆಯ ಲೆಕ್ಕ

30 ಲೀಟರಿನ ಒಂದು ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಅದರ ಮೈಯ ವಿಸ್ತೀರ್ಣ ಸುಮಾರು 0.9 ಚದರ ಮೀಟರ್. ಗೋಡೆಯ ಫೋಮ್ 4 ಸೆಂಟಿಮೀಟರ್ ದಪ್ಪ. ಪಾಲಿಯುರಿಥೇನ್ ಫೋಮಿನ ಉಷ್ಣವಾಹಕತೆ ಸುಮಾರು 0.025. ಹೊರಗೆ 32 ಡಿಗ್ರಿ, ಒಳಗೆ 4 ಡಿಗ್ರಿ, ವ್ಯತ್ಯಾಸ 28. ಉಷ್ಣವಾಹಕತೆ, ವಿಸ್ತೀರ್ಣ, ಉಷ್ಣತೆಯ ವ್ಯತ್ಯಾಸ ಮೂರನ್ನೂ ಗುಣಿಸಿ, ಮೀಟರಿನಲ್ಲಿ ಹೇಳಿದ ದಪ್ಪದಿಂದ ಭಾಗಿಸಿದರೆ ಸುಮಾರು 16 ವ್ಯಾಟ್ ಬರುತ್ತದೆ. ದಿನಕ್ಕೆ 384 ವ್ಯಾಟ್-ಗಂಟೆ. ಇದು ಒಳಗೆ ನುಗ್ಗುವ ಉಷ್ಣ.

ಇದನ್ನು ಐಸಿನಿಂದಲೇ ಎದುರಿಸೋಣವೇ? ಒಂದು ಕಿಲೋಗ್ರಾಂ ಐಸು ಕರಗಲು 334 ಕಿಲೋಜೌಲ್ ಗುಪ್ತೋಷ್ಣ ಬೇಕು. ಎಂದರೆ 93 ವ್ಯಾಟ್-ಗಂಟೆ. ಹಾಗಾದರೆ ನಮ್ಮ ಪೆಟ್ಟಿಗೆಗೆ ದಿನಕ್ಕೆ 4 ಕಿಲೋಗಿಂತ ಸ್ವಲ್ಪ ಹೆಚ್ಚು ಐಸು ಸಾಕು. ಎರಡು ಮೂರು ದಿನದ ಪ್ರವಾಸಕ್ಕೆ 12 ಕಿಲೋ ಐಸು ಹಾಕಿಕೊಂಡು ಹೊರಡಿ. ಯಂತ್ರವೂ ಬೇಡ, ಬ್ಯಾಟರಿಯೂ ಬೇಡ. ಆದರೆ ಏಳು ದಿನಕ್ಕೆ 29 ಕಿಲೋ ಬೇಕು. ಅಷ್ಟು ಐಸು 31 ಲೀಟರಿಗಿಂತಲೂ ಹೆಚ್ಚು ಜಾಗ ಹಿಡಿಯುತ್ತದೆ. ಪೆಟ್ಟಿಗೆ ಐಸಿನಿಂದಲೇ ತುಂಬಿ ಹೋಯಿತು, ಹಾಲಿಗೆ ಜಾಗವೆಲ್ಲಿ? ಐಸು ಎಲ್ಲಿಗೆ ಮುಗಿಯುತ್ತದೆ, ಯಂತ್ರ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಗೋಡೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಸೋರಿಕೆ ಸುಮಾರು ಅರ್ಧಕ್ಕಿಳಿಯುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಐಸು ಬಂದಿತ್ತೆಂದರೆ ನಂಬುತ್ತೀರಾ? ಹೊರಟಾಗ 180 ಟನ್, ನಾಲ್ಕು ತಿಂಗಳ ಮೇಲೆ ತಲಪಿದಾಗ ಸುಮಾರು 100 ಟನ್. ಯಂತ್ರವಿಲ್ಲದೆ ಅದನ್ನು ಕಾಪಾಡಿದ್ದು ಮರದ ಹುಡಿಯಂಥ ಹೊದಿಕೆ.

ಬ್ಯಾಟರಿ ಮತ್ತು ಬಿಸಿಲು

ಸಣ್ಣ ಕಂಪ್ರೆಸರ್ ಒಂದು ವ್ಯಾಟ್-ಗಂಟೆ ವಿದ್ಯುತ್ತಿನಿಂದ ಸುಮಾರು ಒಂದೂವರೆಯಷ್ಟು ಉಷ್ಣವನ್ನು ಹೊರಹಾಕುತ್ತದೆಂದು ಇಟ್ಟುಕೊಳ್ಳಿ. 384ಕ್ಕೆ 256 ಸಾಕು. ಮುಚ್ಚಳ ತೆಗೆಯುವುದು, ಹೊಸ ಸಾಮಾನು ಇಡುವುದು ಸೇರಿಸಿ ದಿನಕ್ಕೆ 360 ವ್ಯಾಟ್-ಗಂಟೆ ಎಂದು ಹಿಡಿಯೋಣ. ಹೊಸ ಸಾಮಾನಿನ ಭಾರ ಕಡಿಮೆಯದಲ್ಲ. ಐದು ಲೀಟರ್ ನೀರನ್ನು 32ರಿಂದ 4 ಡಿಗ್ರಿಗೆ ಇಳಿಸಲು 163 ವ್ಯಾಟ್-ಗಂಟೆ ಉಷ್ಣ ತೆಗೆಯಬೇಕು. ಆದ್ದರಿಂದ ಎಲ್ಲವನ್ನೂ ಮನೆಯ ಕರೆಂಟಿನಲ್ಲೇ ತಂಪು ಮಾಡಿಕೊಂಡು ಹೊರಡಬೇಕು.

ಮೋಡದ ಎರಡು ದಿನಕ್ಕೆ 720 ವ್ಯಾಟ್-ಗಂಟೆ ಕೂಡಿಟ್ಟಿರಬೇಕು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುವುದರಿಂದ 12 ವೋಲ್ಟಿನ 120 ಆಂಪಿಯರ್-ಗಂಟೆಯದು ಬೇಕು. ಅದನ್ನು ಎತ್ತಲು ಇಬ್ಬರು ಬೇಕು. ಮನೆಯ ಇನ್ವರ್ಟರಿನ ಬ್ಯಾಟರಿಯನ್ನೇ ಜೀಪಿಗೆ ಹಾಕುತ್ತೇವೆ ಎನ್ನಬೇಡಿ. ಘಟ್ಟದ ತಿರುವಿನಲ್ಲಿ ಆಮ್ಲ ಚೆಲ್ಲುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80 ಭಾಗ ಬಳಸಬಹುದು. 75ರಿಂದ 80 ಆಂಪಿಯರ್-ಗಂಟೆ ಸಾಕು, ತೂಕ ಹತ್ತು ಕಿಲೋ ಆಸುಪಾಸು. ಬೆಲೆ ಮಾತ್ರ ಹೆಚ್ಚು.

ಬೇಸಿಗೆಯಲ್ಲಿ ನಮ್ಮ ಕಡೆ ದಿನಕ್ಕೆ ಐದು ಗಂಟೆಯಷ್ಟು ಪೂರ್ಣ ಬಿಸಿಲು ಸಿಗುತ್ತದೆಂದು ಎಣಿಸಬಹುದು. 100 ವ್ಯಾಟಿನ ಸೌರಫಲಕ ಐದು ಗಂಟೆಯಲ್ಲಿ 500 ಕೊಡಬೇಕು. ಬಿಸಿ, ಧೂಳು, ತಂತಿಯ ನಷ್ಟ ಕಳೆದು 350 ಸಿಕ್ಕರೆ ಸಮಾಧಾನ. ಒಂದು ಫಲಕ ಕಷ್ಟದಿಂದ ಸರಿಹೋಗುತ್ತದೆ, ಎರಡಿದ್ದರೆ ನೆಮ್ಮದಿ. ಫ್ರಿಜ್ಜನ್ನು ನೆರಳಿನಲ್ಲಿಡಿ, ಫಲಕವನ್ನು ಬಿಸಿಲಿನಲ್ಲಿಡಿ. ಹಲವರು ಎರಡನ್ನೂ ಒಂದೇ ಕಡೆ ಇಟ್ಟು ಸೋಲುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸೌರಫಲಕವನ್ನೇ ನಂಬಿ ಹೊರಡಬೇಡಿ.

ತಂತಿಯ ವಿಷಯ ಒಂದು ಮಾತು. 60 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದೇ ತಂತಿಯಲ್ಲಿ ನಷ್ಟ 360 ಪಟ್ಟಿಗೂ ಮೀರುತ್ತದೆ! ತಂತಿ ದಪ್ಪವಾಗಿರಲಿ, ಗಿಡ್ಡವಾಗಿರಲಿ. ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಲಿ.

ನೀಲಿ ಪೆಟ್ಟಿಗೆಯ ಪಾಠ

ಇಷ್ಟೆಲ್ಲ ಓದಿ ಇದು ದುಡ್ಡಿದ್ದವರ ಕೆಲಸ ಎಂದುಕೊಂಡಿರಾ? ನಮ್ಮ ದೇಶದಲ್ಲಿ ಅತಿ ಹೆಚ್ಚು ತಿರುಗಾಡಿದ ತಂಪಿನ ಪೆಟ್ಟಿಗೆಗೆ ಬ್ಯಾಟರಿಯೇ ಇಲ್ಲ. ಪೋಲಿಯೋ ಹನಿ ಹಾಕಲು ಬರುತ್ತಿದ್ದವರ ಹೆಗಲಲ್ಲಿದ್ದ ನೀಲಿ ಪೆಟ್ಟಿಗೆ ನೆನಪಿದೆಯೇ? ದಪ್ಪ ಗೋಡೆ, ಒಳಗೆ ನಾಲ್ಕು ಐಸ್ ಪ್ಯಾಕು, ನಡುವೆ ಲಸಿಕೆ. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯದು. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ರಸ್ತೆಯಿಲ್ಲದ ಕಡೆಗೂ ಈ ಪೆಟ್ಟಿಗೆ ನಡೆದುಕೊಂಡೇ ಹೋಯಿತು.

ಆ ಕಾರ್ಯಕರ್ತೆಯರಿಗೆ ಕಲಿಸುವ ಒಂದು ನಿಯಮ ಅಂದು ನನಗೆ ಗೊತ್ತಿದ್ದರೆ ನಮ್ಮ ಇನ್ಸುಲಿನ್ ಉಳಿಯುತ್ತಿತ್ತು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಹೆಪ್ಪುಗಟ್ಟಿದರೆ ಕೆಡುವ ಲಸಿಕೆಗಳ ಬಳಿ ಅದನ್ನು ಹಾಗೆಯೇ ಇಡಬಾರದು. ಹೊರಗಿಟ್ಟು, ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು. ನೀರೂ ಐಸೂ ಕೂಡಿದ್ದರೆ ಅದು ಸೊನ್ನೆ ಡಿಗ್ರಿಯಲ್ಲಿ ನಿಂತಿರುತ್ತದೆ, ಅದಕ್ಕಿಂತ ಕೆಳಗಿಳಿಯದು. ಸೀಸೆಗೂ ಪ್ಯಾಕಿಗೂ ನಡುವೆ ಬಟ್ಟೆಯ ಮಡಿಕೆ ಇರಬೇಕು.

ಹಾಗಾದರೆ ನಮ್ಮ ವಿದ್ಯಾರ್ಥಿನಿ?

ಅವಳಿಗಾಗಿ 30 ಲೀಟರಿನ ಫ್ರಿಜ್ ಬೇಕಿಲ್ಲ. ಬಳಸಲು ಆರಂಭಿಸಿದ ಇನ್ಸುಲಿನ್‌ನಲ್ಲಿ ಹೆಚ್ಚಿನ ಬಗೆಗಳು 30 ಡಿಗ್ರಿ ಮೀರದ ಕಡೆ ಸುಮಾರು ನಾಲ್ಕು ವಾರ ಫ್ರಿಜ್ ಇಲ್ಲದೆಯೂ ಉಳಿಯುತ್ತವೆ. ನಿಖರವಾದ ಮಿತಿ ಆ ಔಷಧದ ಚೀಟಿಯಲ್ಲೇ ಇರುತ್ತದೆ; ಹೊರಡುವ ಮೊದಲು ವೈದ್ಯರನ್ನೂ ಕೇಳಬೇಕು. ರಾಯಚೂರು, ವಿಜಯಪುರದ ಒಣ ಸೆಕೆಯಲ್ಲಿ ಒದ್ದೆ ಮರಳಿನಲ್ಲಿಟ್ಟ ಮಡಕೆಯೇ ತಂಪು ಕೊಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ನೀರು ಬೇಗ ಆವಿಯಾಗದ ಕಾರಣ ಮಡಕೆಯ ಆಟ ನಡೆಯದು. ಇಲ್ಲಿ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ, ಬಟ್ಟೆ ಸುತ್ತಿದ ಸೀಸೆಯನ್ನು ತಣ್ಣೀರಿನ ಸಣ್ಣ ಬಾಟಲಿಯ ಜೊತೆಗಿಟ್ಟು, ಒಂದು ಉಷ್ಣಮಾಪಕ ಇಟ್ಟುಕೊಂಡರೆ ಸಾಕು. ಇನ್ನೊಂದು ಸೀಸೆ ಶಿಕ್ಷಕರ ಬಳಿ ಬೇರೆಯೇ ಇರಲಿ. ತಂಡದಲ್ಲಿ ಕಂಪ್ರೆಸರ್ ಪೆಟ್ಟಿಗೆ ಇದ್ದರೆ 5 ಡಿಗ್ರಿಗೆ ಹೊಂದಿಸಿ, ಸೀಸೆಯನ್ನು ಗೋಡೆಗೆ ತಾಗದಂತೆ ನಡುವೆ ಇಡಿ.

ಮುಂದಿನ ಸಲ ಶಿಬಿರದ ಪಟ್ಟಿ ಬರೆಯುವಾಗ ಮೊದಲು ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗಿ. ಮತ್ತು ಆ ಪಟ್ಟಿಯಲ್ಲಿ ಅವಳ ಹೆಸರೂ ಇರಲಿ.

ಮಾಡಿ ನೋಡಿ

ಮೀನಿನ ಅಂಗಡಿಯಿಂದ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದು ತೊಳೆಯಿರಿ. ಒಂದು ಕಿಲೋ ಐಸನ್ನು ಕರಗಲು ಶುರುವಾದ ಮೇಲೆ ನೀರು ಬಸಿದು ಒಳಗಿಡಿ. ಹನ್ನೆರಡು ಗಂಟೆ ಬಿಟ್ಟು, ಕರಗಿದ ನೀರನ್ನು ಅಳೆಯಿರಿ. ಪ್ರತಿ ಮಿಲಿಲೀಟರಿಗೆ 334 ಜೌಲ್. 600 ಮಿಲಿಲೀಟರ್ ಆದರೆ 2,00,400 ಜೌಲ್. ಅದನ್ನು 43,200 ಸೆಕೆಂಡುಗಳಿಂದ ಭಾಗಿಸಿ; ಸುಮಾರು 4.6 ವ್ಯಾಟ್. ಅದೇ ನಿಮ್ಮ ಪೆಟ್ಟಿಗೆಯ ಸೋರಿಕೆ. ಈಗ ಪೆಟ್ಟಿಗೆಗೆ ಹಳೆಯ ಕಂಬಳಿ ಸುತ್ತಿ ಮತ್ತೆ ಅಳೆಯಿರಿ. ಎಷ್ಟು ಉಳಿಯಿತು?