ಖಾಲಿ ಗೋಡೆಗೆ ರೇಷ್ಮೆಗೂಡಿನ ಹೂ

ಬಾಡಿಗೆ ಮನೆಯ ಗೋಡೆ ಎಂದರೆ ನಿಮಗೆ ಗೊತ್ತಲ್ಲ, ನಮ್ಮದಾಗಿಯೂ ನಮ್ಮದಲ್ಲ. ಚಾಮರಾಜನಗರದಲ್ಲಿ ನಾವಿರುವ ಮನೆಗೆ ಕಾಲಿಟ್ಟ ದಿನವೇ ಮನೆಯ ಯಜಮಾನರು ಹೇಳಿಬಿಟ್ಟಿದ್ದರು: "ನೋಡಿಯಮ್ಮಾ, ಒಂದು ಮೊಳೆಯನ್ನೂ ಹೊಡೀಬಾರದು." ಐದು ವರ್ಷ ನನಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ.

ಹೋದ ಬೇಸಿಗೆಯಲ್ಲಿ ಗುಂಡ್ಲುಪೇಟೆ ಹತ್ತಿರದ ಊರಿನಲ್ಲಿದ್ದ ನಮ್ಮ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ನಮ್ಮಲ್ಲಿಗೇ ಕರೆತಂದೆವು. ನಡುಮನೆಯಲ್ಲಿ ಮಂಚ, ಎದುರಿಗೆ ಬೋಳು ಬಿಳೀ ಗೋಡೆ. ದಿನವೆಲ್ಲಾ ತೋಟ, ದನ, ಸೊಪ್ಪು ಅಂತ ಓಡಾಡಿದ ಜೀವ. ಹದಿನೈದು ದಿನ ಕಳೆಯುವಷ್ಟರಲ್ಲಿ ಊಟ ಅರ್ಧಕ್ಕಿಳಿಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದಾಗ ಗೋಡೆಯ ಕಡೆ ತೋರಿಸಿ, "ಇದ್ನೇ ನೋಡ್ಕಂಡು ಎಷ್ಟು ದಿನ ಮನಗಿರ್ಲವ್ವಾ?" ಎಂದರು. ನನಗೆ ಗಂಟಲು ಕಟ್ಟಿತು.

ಅಂಗಡಿಯ ಸೀನರಿ ಚಿತ್ರ ತಂದು ಕಿಟಕಿಗೆ ಒರಗಿಸಿದೆ. ಹಿಮದ ಬೆಟ್ಟ, ಸರೋವರ. ಅತ್ತೆ ಒಂದು ಸಲ ನೋಡಿ ಆ ಕಡೆ ತಿರುಗಿಕೊಂಡರು. ಅವರ ತಪ್ಪೇನೂ ಇಲ್ಲ. ಆ ಬೆಟ್ಟ ಅವರಿಗೆ ಏನಾಗಬೇಕು?

ಆಗ ನೆನಪಾದದ್ದು ಊರಿನ ಮನೆಯ ಅಟ್ಟದಲ್ಲಿದ್ದ ಚಂದ್ರಿಕೆ. ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುತ್ತೇವಲ್ಲ, ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಸುತ್ತಿರುವುದು. ಈಗ ಪ್ಲಾಸ್ಟಿಕ್ಕಿನವು ಬಂದು ಎಷ್ಟೋ ಮನೆಗಳಲ್ಲಿ ಬಿದಿರಿನವು ಮೂಲೆಗೆ ಬಿದ್ದಿವೆ. ನಮ್ಮ ಸೀಮೆಗೆ ರೇಷ್ಮೆ ಬಂದದ್ದು ಟಿಪ್ಪುವಿನ ಕಾಲದಲ್ಲಿ; ಅತ್ತೆಯವರೂ ಮದುವೆಯಾಗಿ ಬಂದಂದಿನಿಂದ ಅರ್ಧ ರಾತ್ರಿಯಲ್ಲಿ ಎದ್ದು ಹುಳಕ್ಕೆ ಸೊಪ್ಪು ಹಾಕಿದವರು. ನಮ್ಮ ಯಜಮಾನರು ಒಂದು ಹಳೇ ಚಂದ್ರಿಕೆಯನ್ನೂ, ಚಿಟ್ಟೆ ಹೊರಬಿದ್ದು ತೂತಾದ ಒಂದು ಚೀಲ ಗೂಡನ್ನೂ ತಂದರು. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲಾಗದು, ಆದ್ದರಿಂದ ಬೆಲೆ ಕಡಿಮೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಇಂಥ ಗೂಡು ರಾಶಿ ಬೀಳುತ್ತದೆ.

ಮೊದಲ ದಿನ ನಾನು ಮಾಡಿದ್ದು ದೊಡ್ಡ ಎಡವಟ್ಟು. ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಗೂಡುಗಳನ್ನು ಬಣ್ಣದ ನೀರಲ್ಲಿ ಕೊತಕೊತ ಕುದಿಸಿದೆ. ತೆಗೆದು ನೋಡಿದರೆ ಒದ್ದೆ ಹತ್ತಿಯ ಮುದ್ದೆ! ಅತ್ತೆ ಮಂಚದಿಂದಲೇ ನಕ್ಕರು, ಎಷ್ಟೋ ದಿನದ ಮೇಲೆ. "ಕುದುಸುದ್ರೆ ಗೋಂದು ಕರಗಿ ಎಳೆ ಬಿಟ್ಕತ್ತದೆ ಕನವ್ವ. ಅದ್ಕೇ ಅಲ್ವಾ ನೂಲು ಬಿಚ್ಚೋರು ಕುದುಸೋದು?" ಅಲ್ಲಿಂದ ಮುಂದಿನ ಕೆಲಸವೆಲ್ಲಾ ಅವರ ಉಸ್ತುವಾರಿಯಲ್ಲೇ ನಡೆಯಿತು.

ನೀವು ಮಾಡುವುದಾದರೆ ಬಿಳೀ ಗೂಡನ್ನೇ ಆರಿಸಿಕೊಳ್ಳಿ. ಹಳದಿ ಗೂಡಿನ ಮೇಲೆ ಬೇರೆ ಬಣ್ಣ ಮಂಕಾಗುತ್ತದೆ. ತೂತಿನ ಕಡೆ ಕತ್ತರಿಸಿ, ಒಳಗೆ ಉಳಿದಿರುವ ಹುಳದ ಪೊರೆಯನ್ನು ತೆಗೆದುಬಿಡಿ. ಇದನ್ನು ಮಾತ್ರ ಸೋಮಾರಿತನಕ್ಕೆ ಬಿಡಬೇಡಿ, ಪೊರೆಯ ಆಸೆಗೆ ಸಣ್ಣ ಕಪ್ಪು ಹುಳುಗಳು ಬಂದು ಗೂಡನ್ನೇ ಕೊರೆಯುತ್ತವೆ. ಎರಡು ದಿನ ಬಿಸಿಲಿಗೆ ಹಾಕಿ. ಒಂದು ದೊಡ್ಡ ಚಮಚ ಪಟಿಕದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಬೆರಳು ಇಡುವಷ್ಟು ಆರಿದ ಮೇಲೆ ಎರಡು ಬೊಗಸೆ ಗೂಡನ್ನು ರಾತ್ರಿಯಿಡೀ ನೆನೆಹಾಕಿ. ಗೂಡು ತೇಲುತ್ತದೆ, ಮೇಲೊಂದು ತಟ್ಟೆ ಕವುಚಿ ಭಾರ ಇಡಿ.

ಬಣ್ಣಕ್ಕೆ ಚೆಂಡುಹೂವಿಗಿಂತ ಬೇಕೆ? ಮುಂಗಾರಿನಲ್ಲಿ ಗುಂಡ್ಲುಪೇಟೆ ಕಡೆ ಹೊಲಗಳೆಲ್ಲ ಚೆಂಡುಹೂ, ಸೂರ್ಯಕಾಂತಿ. ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಚೆಂಡುಹೂವನ್ನು ಬಣ್ಣ ತೆಗೆಯಲೆಂದೇ ಕಾರ್ಖಾನೆಯವರು ಕೊಳ್ಳುವುದೂ ಉಂಟು. ನಾಲ್ಕು ಬೊಗಸೆ ಎಸಳನ್ನು ಅರ್ಧ ಗಂಟೆ ಕುದಿಸಿ, ಸೋಸಿ, ಉಗುರುಬೆಚ್ಚಗಾದ ಮೇಲೆ ಗೂಡು ಹಾಕಿ. ಸಂಜೆಗೆ ಬಂಗಾರದ ಹಳದಿ. ಹಸಿರು ಬೇಕೆನ್ನುವವರು ತುಕ್ಕು ಹಿಡಿದ ಮೊಳೆಗಳನ್ನು ವಾರ ಕಾಲ ವಿನೆಗರಿನಲ್ಲಿ ನೆನೆಸಿಟ್ಟು, ಆ ನೀರನ್ನು ಒಂದು ಚಮಚ ಬೆರೆಸಿ. ಹಳದಿ ಎಲೆಹಸಿರಿಗೆ ತಿರುಗುತ್ತದೆ. ಇದಕ್ಕೆಲ್ಲ ಅಡುಗೆಯ ಪಾತ್ರೆ ಮುಟ್ಟಬೇಡಿ. ಅರಿಶಿನ, ಬೀಟ್‌ರೂಟನ್ನೂ ಪರೀಕ್ಷಿಸಿದೆ. ಬೆಳಕಿಗೆ ಬೇಗ ಮಾಸಿದವು. ಕೆಂಪಿಗೆ ಅಂಗಡಿಯ ಬಟ್ಟೆ ಬಣ್ಣವೇ ಗತಿ.

ಗೂಡು ಇನ್ನೂ ತೇವವಿರುವಾಗಲೇ ತೂತಿನಿಂದ ಮುಕ್ಕಾಲು ಭಾಗದವರೆಗೆ ಐದಾರು ಸೀಳು ಕತ್ತರಿಸಿ ಹೊರಗೆ ಬಾಗಿಸಿದರೆ, ಒಣಗಿದಾಗ ಹೂವಾಗಿಯೇ ನಿಲ್ಲುತ್ತದೆ. ಉದ್ದಕ್ಕೆ ಇಬ್ಭಾಗ ಮಾಡಿ ತುದಿ ಚೂಪು ಮಾಡಿದರೆ ಎಲೆ. ಚಂದ್ರಿಕೆಯ ಸುರುಳಿಗೆ ಸೂಜಿದಾರದಲ್ಲಿ ಹೊಲಿದರೆ ಭದ್ರ. ಮೈದಾ ಅಂಟು ಬೇಡ, ಜಿರಳೆಗೆ ಹಬ್ಬ.

ನಾನು ಕತ್ತರಿಸಿದ ಹೂ ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಇದೇನು ಉಮ್ಮತ್ತಿ ಹೂವಾ? ಕೊಡಿಲ್ಲಿ" ಎಂದು ಕತ್ತರಿ ಇಸಿದುಕೊಂಡರು. ಬೆನ್ನಿಗೆ ಎರಡು ದಿಂಬು ಕೊಟ್ಟೆ. ಹತ್ತೇ ನಿಮಿಷ ಕೂರುತ್ತಿದ್ದವರು ಅಂದು ಅರ್ಧ ಗಂಟೆ ಕೂತರು. ಡಾಕ್ಟರು ಎಷ್ಟು ಸಲ ಹೇಳಿದರೂ ಆಗದಿದ್ದದ್ದು. ವಾರದಲ್ಲಿ ಎಂಬತ್ತು ಹೂವಾದವು, ಅರ್ಧಕ್ಕಿಂತ ಹೆಚ್ಚು ಅವರವೇ.

ಮೊಳೆಯ ಪ್ರಶ್ನೆಗೂ ದಾರಿ ಸಿಕ್ಕಿತು. ಸಜ್ಜೆಯ ಮೇಲೆ ಬಿದಿರು ಗಳುವೊಂದನ್ನು ಚಾಚಿ, ಅದರ ಮೇಲೆ ಹಳೇ ಟ್ರಂಕು ಹೇರಿ, ಗಳುವಿನಿಂದ ಹಗ್ಗದಲ್ಲಿ ಚಂದ್ರಿಕೆ ಇಳಿಬಿಟ್ಟೆವು. ತಿಂಗಳ ಬಾಡಿಗೆಗೆ ಬಂದ ಮನೆಯ ಯಜಮಾನರು ಮೊದಲು ನೋಡಿದ್ದು ಅದರ ಹಿಂದಿನ ಗೋಡೆಯನ್ನು. ಒಂದು ತೂತೂ ಕಾಣಲಿಲ್ಲ. ಆಮೇಲೆ ಮುಂದಿನಿಂದ ನೋಡಿ, "ಎಲ್ಲಿ ಕೊಂಡಿರಿ?" ಎಂದರು. ಅತ್ತೆ ಬೆರಳಿಗೆ ಸುತ್ತಿಕೊಂಡಿದ್ದ ಬಟ್ಟೆಯ ಪಟ್ಟಿಯನ್ನು ತೋರಿಸಿದರು.

ಈಗ ಅವರು ಕೋಲು ಹಿಡಿದು ಅಡುಗೆಮನೆಯವರೆಗೂ ಬರುತ್ತಾರೆ. ಎಡಮೂಲೆಯಲ್ಲಿ ಹಸಿರು ಸಾಲದು ಎಂಬ ತಕರಾರು ಇನ್ನೂ ಮುಗಿದಿಲ್ಲ. ಹೊಸ ಚೆಂಡುಹೂ ಬರಲೆಂದು ಕಾಯುತ್ತಿದ್ದೇವೆ.