ಬಟ್ಟೆಯ ಕೋಣೆಯಿಂದ ಬಂದ ಧ್ವನಿ

ನಾಟಕದಲ್ಲಿ ಯಾವ ಮಾತಿನ ಅನಂತರ ಯಾವ ಮಾತು ಬರಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಪ್ರೇಕ್ಷಕನು ಆಕಳಿಸಿದರೂ, ಎದ್ದು ಹೋದರೂ ರಾಜನು ತನ್ನ ಮಾತನ್ನು ಆಡಿಯೇ ಆಡುತ್ತಾನೆ. ವಿಡಿಯೋ ಆಟದ ರೀತಿ ಇದಕ್ಕಿಂತ ಭಿನ್ನವಾದುದು. ಅಲ್ಲಿ ಕಥೆ ಮುಂದುವರಿಯುವುದು ಆಡುವವನ ಕೈಚಳಕದಿಂದ. ಅವನು ಓಡಬಹುದು, ನಿಲ್ಲಬಹುದು, ದಾರಿ ತಪ್ಪಿ ಕಂದರಕ್ಕೆ ಬೀಳಬಹುದು. ಯಾವಾಗ ಏನು ಮಾಡುವನೆಂದು ತಿಳಿಯದ ಇಂತಹ ಕೇಳುಗನಿಗಾಗಿ ಮಾತುಗಳನ್ನು ಮುಂಚೆಯೇ ಆಡಿಸಿ, ಮುದ್ರಿಸಿ, ಸಿದ್ಧವಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಈ ಕಾರ್ಯ ಸುಲಭವೂ ಅಲ್ಲ, ಅಗ್ಗವೂ ಅಲ್ಲ.

ದೊಡ್ಡ ಸಂಸ್ಥೆಗಳು ಇದಕ್ಕಾಗಿ ಸುಸಜ್ಜಿತವಾದ ಸ್ಟುಡಿಯೋಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತವೆ. ಹೆಸರಾಂತ ನಟರನ್ನೂ ನಿರ್ದೇಶಕರನ್ನೂ ನೇಮಿಸಿಕೊಳ್ಳುತ್ತವೆ. ಸ್ವಂತ ಉಳಿತಾಯವನ್ನೇ ಬಂಡವಾಳವಾಗಿ ಹೂಡಿದ ನಾಲ್ಕಾರು ಜನರ ತಂಡಕ್ಕೆ ಇದು ಎಟುಕುವ ಮಾತಲ್ಲ. ಆದುದರಿಂದ ಅನೇಕ ಸಣ್ಣ ತಂಡಗಳು ತಮ್ಮ ಪಾತ್ರಗಳನ್ನು ಮೂಕವಾಗಿಯೇ ಬಿಟ್ಟು, ಪರದೆಯ ಮೇಲೆ ಅಕ್ಷರಗಳನ್ನು ತೋರಿಸಿ ತೃಪ್ತಿಪಡುತ್ತವೆ. ಹಾಗೆ ಮಾಡದೆ, ಕೈಯಲ್ಲಿ ಹಣವಿಲ್ಲದಿದ್ದರೂ ತಮ್ಮ ಆಟದ ಜೀವವನ್ನೆಲ್ಲ ಒಂದು ಧ್ವನಿಯ ಮೇಲೆಯೇ ನಿಲ್ಲಿಸಿದವರ ಕಥೆ ತಿಳಿಯತಕ್ಕದ್ದಾಗಿದೆ.

ಅಮೆರಿಕದ ಅಮೀರ್ ರಾವ್ ಮತ್ತು ಗ್ಯಾವಿನ್ ಸೈಮನ್ ಎಂಬ ಇಬ್ಬರು 2009ರಲ್ಲಿ ದೊಡ್ಡ ಸಂಸ್ಥೆಯೊಂದರ ಉದ್ಯೋಗವನ್ನು ತ್ಯಜಿಸಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದಲ್ಲಿ ಸೂಪರ್‌ಜಯಂಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆಯನ್ನು ಆರಂಭಿಸಿದರು. ರಾವ್ ಅವರ ತಂದೆಯ ಮನೆಯ ನಡುಮನೆಯೇ ಅವರ ಕಾರ್ಯಾಲಯವಾಯಿತು. ಅವರು ರಚಿಸಿದ ‘ಬಾಸ್ಟಿಯನ್’ ಎಂಬ ಆಟ ಮುಗಿಯುವ ಹೊತ್ತಿಗೆ ತಂಡದಲ್ಲಿದ್ದವರು ಏಳೇ ಜನ. ಮಹಾ ಉತ್ಪಾತದಿಂದ ಒಡೆದು ಚೂರಾದ ಲೋಕವೊಂದರಲ್ಲಿ ಹುಡುಗನೊಬ್ಬನು ಎಚ್ಚರಗೊಂಡು ನಡೆಯತೊಡಗುವುದು ಆಟದ ವಸ್ತು. ಹುಡುಗನು ಮಾತನಾಡುವುದಿಲ್ಲ. ಅವನು ಮಾಡಿದ್ದನ್ನೆಲ್ಲ ವೃದ್ಧನೊಬ್ಬನು ಗಂಭೀರವಾದ ಒರಟು ದನಿಯಲ್ಲಿ, ಅದೇ ಕ್ಷಣದಲ್ಲಿ, ಕಥೆಯಾಗಿ ಹೇಳುತ್ತಾ ಹೋಗುತ್ತಾನೆ. ಆಡುವವನು ಸುಮ್ಮನೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತ ನಿಂತರೆ ನಿರೂಪಕನು ಅದನ್ನೂ ಗಮನಿಸಿ ಹೇಳುತ್ತಾನೆ!

ಈ ಮಾತುಗಳನ್ನು ಬರೆದವರು ಗ್ರೆಗ್ ಕಸಾವಿನ್. ಧ್ವನಿ ಮತ್ತು ಸಂಗೀತದ ಹೊಣೆಯನ್ನು ಹೊತ್ತವರು ಡ್ಯಾರೆನ್ ಕಾರ್ಬ್. ಕಾರ್ಬ್ ಅವರು ವಾಸವಾಗಿದ್ದುದು ಸುಮಾರು 4,000 ಕಿಲೋಮೀಟರು ದೂರದ ನ್ಯೂಯಾರ್ಕಿನಲ್ಲಿ. ಅವರೊಡನೆ ಒಂದೇ ಮನೆಯಲ್ಲಿದ್ದ ಬಾಲ್ಯದ ಗೆಳೆಯ, ನಟ ಲೋಗನ್ ಕನಿಂಗ್‌ಹ್ಯಾಮ್ ಅವರೇ ನಿರೂಪಕರಾದರು. ಧ್ವನಿಮುದ್ರಣ ನಡೆದದ್ದು ಆ ಮನೆಯಲ್ಲಿ ಬಟ್ಟೆಬರೆಗಳನ್ನು ತೂಗುಹಾಕಲು ಗೋಡೆಯೊಳಗೆ ಕಟ್ಟಿದ್ದ ಸಣ್ಣ ಕೋಣೆಯೊಂದರಲ್ಲಿ.

ಬಟ್ಟೆಯ ಕೋಣೆಯೇ ಏಕೆ? ಇದು ಬಡತನದ ಗುರುತು ಮಾತ್ರವಲ್ಲ; ಇದರಲ್ಲಿ ಭೌತಶಾಸ್ತ್ರದ ತತ್ತ್ವ ಅಡಗಿದೆ. ಸಾಮಾನುಗಳನ್ನೆಲ್ಲ ಸಾಗಿಸಿದ ಖಾಲಿ ಮನೆಯಲ್ಲಿ ಮಾತನಾಡಿದರೆ ಸ್ವರವು ಗುಂಯ್‌ಗುಡುವುದನ್ನು ಎಲ್ಲರೂ ಬಲ್ಲರು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿ ಚಲಿಸಿ, ಬರಿಗೋಡೆಗೆ ತಾಕಿ ಹಿಂದಿರುಗುತ್ತದೆ. ಗೋಡೆಯು 1.7 ಮೀಟರು ದೂರದಲ್ಲಿದ್ದರೆ ಹೋಗಿಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಇಷ್ಟು ಬೇಗ ಮರಳಿದ ಶಬ್ದವನ್ನು ಕಿವಿಯು ಪ್ರತಿಧ್ವನಿಯೆಂದು ಬೇರೆಯಾಗಿ ಗುರುತಿಸಲಾರದು. ಆದರೆ ಮೈಕ್ರೊಫೋನು ಮೂಲಧ್ವನಿಯೊಡನೆ ಅದನ್ನೂ ಬೆರೆಸಿ ಹಿಡಿದುಬಿಡುತ್ತದೆ. ಮುದ್ರಿಕೆಯನ್ನು ಕೇಳಿದಾಗ ನಟನು ಡಬ್ಬದೊಳಗೆ ಕುಳಿತು ಮಾತನಾಡಿದಂತೆ ತೋರುತ್ತದೆ. ಒಮ್ಮೆ ಹೀಗೆ ಬೆರೆತ ಗೋಡೆಯ ಸದ್ದನ್ನು ಪೂರ್ಣವಾಗಿ ಬೇರ್ಪಡಿಸುವುದು ಬಹಳ ಕಷ್ಟ. ಬಯಲಿನಲ್ಲಿ ನಡೆಯುವ ಕಥೆಗೆ ಅಂತಹ ಧ್ವನಿ ಸಲ್ಲದು. ತೂಗುಹಾಕಿದ ಕೋಟು, ಕಂಬಳಿಗಳ ನೂಲುಗಳ ನಡುವೆ ನುಗ್ಗಿದ ಶಬ್ದವಾದರೋ ಘರ್ಷಣೆಯಿಂದ ಶಕ್ತಿಗುಂದಿ, ಅತ್ಯಲ್ಪ ಶಾಖವಾಗಿ ಮಾರ್ಪಟ್ಟು ಅಡಗಿಹೋಗುತ್ತದೆ.

ಆದರೆ ಇಲ್ಲಿ ಒಂದು ಭ್ರಮೆಗೆ ಅವಕಾಶವಿದೆ. ಬಟ್ಟೆಯು ಒಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಹೊರಸದ್ದನ್ನು ತಡೆಯಲು ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಬೀದಿಯ ಲಾರಿಯ ಗುಡುಗಿನಂತಹ ತಗ್ಗಿನ ಸ್ವರಗಳಂತೂ ನಾಲ್ಕು ಕಂಬಳಿಗಳನ್ನು ಲೆಕ್ಕಿಸದೆ ಒಳನುಗ್ಗುತ್ತವೆ. ಮನೆಯಲ್ಲಿ ಧ್ವನಿಮುದ್ರಣ ಮಾಡುವವರು ಬೀದಿ ಅಡಗಿದ ರಾತ್ರಿಯ ಹೊತ್ತನ್ನು ಆರಿಸಿಕೊಳ್ಳುವುದಕ್ಕೂ, ಪಂಖವನ್ನೂ ರೆಫ್ರಿಜರೇಟರನ್ನೂ ನಿಲ್ಲಿಸುವುದಕ್ಕೂ ಇದೇ ಕಾರಣ. ಬೇಸಗೆಯಲ್ಲಿ ಪಂಖವಿಲ್ಲದ ಬಟ್ಟೆಕೋಣೆಯೊಳಗೆ ನಿಂತು ವೀರಾವೇಶವನ್ನು ನಟಿಸುವವನ ಪಾಡನ್ನು ಊಹಿಸಿಕೊಳ್ಳಬಹುದು.

ಮೈಕ್ರೊಫೋನನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ಇಡುವುದು ವಾಡಿಕೆ. ದೂರವು ಅರ್ಧಕ್ಕೆ ಇಳಿದರೆ ನೇರ ಧ್ವನಿಯ ತೀವ್ರತೆ ನಾಲ್ಕು ಪಟ್ಟಾಗುವುದರಿಂದ ಕೋಣೆಯ ಸದ್ದು ಅದರ ಮುಂದೆ ಕ್ಷೀಣವಾಗುತ್ತದೆ. ಒಂದೇ ದಿಕ್ಕಿನ ಶಬ್ದವನ್ನು ಹೆಚ್ಚಾಗಿ ಗ್ರಹಿಸುವ ಮೈಕ್ರೊಫೋನುಗಳಲ್ಲಿ ಇನ್ನೊಂದು ಗುಣವುಂಟು. ಬಾಯಿ ಹತ್ತಿರವಾದಷ್ಟೂ ಮಂದ್ರಸ್ವರವು ತುಂಬಿಕೊಂಡು, ಕಿವಿಯ ಬಳಿಯೇ ಪಿಸುಗುಟ್ಟಿದಂತಹ ಆಪ್ತತೆ ಬರುತ್ತದೆ. ಆದರೆ ಪ, ಫ, ಬ, ಭ ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳಿಂದ ಗಾಳಿಯು ಚಿಮ್ಮುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಇದು ತಿಳಿಯುತ್ತದೆ. ಆ ಗಾಳಿ ಬಡಿದಾಗ ಮುದ್ರಿಕೆಯಲ್ಲಿ ಧಪ್ಪೆಂಬ ಸದ್ದು ಉಳಿಯುತ್ತದೆ. ಬಳೆಯಾಕಾರದ ಚೌಕಟ್ಟಿಗೆ ತೆಳುವಾದ ನೈಲಾನ್ ಬಟ್ಟೆಯನ್ನು ಬಿಗಿದು ನಡುವೆ ನಿಲ್ಲಿಸಿದರೆ ಗಾಳಿ ಚದುರುತ್ತದೆ, ಧ್ವನಿ ಮಾತ್ರ ದಾಟುತ್ತದೆ. ಈ ಉಪಕರಣವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

‘ಬಾಸ್ಟಿಯನ್’ ಆಟಕ್ಕಾಗಿ ಮುದ್ರಿಸಿದ ನುಡಿಗಳು ಸುಮಾರು 3,000. ಒಂದೊಂದಕ್ಕೆ 5 ಸೆಕೆಂಡು ಎಂದಿಟ್ಟುಕೊಂಡರೂ ನಾಲ್ಕು ಗಂಟೆಗಳಿಗೆ ಮೀರಿದ ಮಾತಾಯಿತು. ಪ್ರತಿಯೊಂದು ನುಡಿಯನ್ನೂ ಎರಡು ಮೂರು ಬಗೆಯಾಗಿ ಆಡಿಸಿ ಮೇಲಾದುದನ್ನು ಆಯುವುದು ಈ ವೃತ್ತಿಯ ಪದ್ಧತಿಯಾದುದರಿಂದ ನಿಜವಾದ ದುಡಿಮೆ ಇದರ ಎಷ್ಟೋ ಪಟ್ಟು. ಇಷ್ಟು ತುಣುಕುಗಳು ಕಲಸಿಹೋಗದಂತೆ ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಸನ್ನಿವೇಶ, ಕಡತದ ಹೆಸರುಗಳನ್ನು ಕೊಟ್ಟು ಪಟ್ಟಿಮಾಡಬೇಕು. ಈ ಪಟ್ಟಿಯ ಕೆಲಸ ನೀರಸವಾದುದು. ಆದರೆ ಪಟ್ಟಿ ತಪ್ಪಿದರೆ ಕಂದರಕ್ಕೆ ಬಿದ್ದವನಿಗೆ ನಿರೂಪಕನು ವಿಜಯದ ಮಾತನ್ನು ಹೇಳಿಯಾನು!

ಅಭಿನಯದ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನಟನ ಮುಂದೆ ಎದುರು ಪಾತ್ರವಿಲ್ಲ, ರಂಗಸಜ್ಜಿಕೆಯಿಲ್ಲ. ಹಾಳೆಯ ಮೇಲೆ ಸಂಬಂಧವಿಲ್ಲದಂತೆ ಕಾಣುವ ಬಿಡಿ ವಾಕ್ಯಗಳಿವೆ. ‘ಅವನು ಮುಂದೆ ನಡೆದ’ ಎಂಬ ಎರಡು ಮೂರು ಶಬ್ದಗಳನ್ನು ಹೆಮ್ಮೆಯಿಂದಲೋ ಕನಿಕರದಿಂದಲೋ ನುಡಿಯಬೇಕೆಂದು ಯಾರಾದರೂ ತಿಳಿಸಬೇಕು. ಅಗ್ಗದ ಮುದ್ರಣಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ, ಯಂತ್ರದ ದೋಷದಿಂದ ಅಲ್ಲ. ಕಾರ್ಬ್ ಮತ್ತು ಕನಿಂಗ್‌ಹ್ಯಾಮ್ ಅವರು ಒಂದೇ ಸೂರಿನಡಿ ಇದ್ದುದರಿಂದ ದೊರೆತ ಲಾಭ ಬಾಡಿಗೆಯ ಉಳಿತಾಯಕ್ಕಿಂತ ದೊಡ್ಡದು. ಕಸಾವಿನ್ ಅವರು ಬರೆದು ಕಳುಹಿಸಿದ ಮಾತನ್ನು ಬೇಗನೆ ಮುದ್ರಿಸಿ, ಆಟದಲ್ಲಿ ಸೇರಿಸಿ, ಹೊಂದದಿದ್ದರೆ ತಿದ್ದಿ ಮತ್ತೆ ಮುದ್ರಿಸಲು ಅವಕಾಶವಿತ್ತು. ಗಂಟೆಗೆ ಹಣ ತೆರುವ ಸ್ಟುಡಿಯೋದಲ್ಲಿ ಇಂತಹ ಪುನಃಪ್ರಯತ್ನಗಳು ದುಬಾರಿ.

ಧ್ವನಿಪೆಟ್ಟಿಗೆಯೂ ಒಂದು ಅಂಗವೇ. ಯುದ್ಧದ ಆಟಗಳಲ್ಲಿ ಕೂಗು, ನರಳಾಟ, ಮರಣಾಕ್ರಂದನಗಳನ್ನು ಗಂಟೆಗಟ್ಟಲೆ ಮಾಡಿಸಿದರೆ ಕಂಠವು ಬಿರಿಯುತ್ತದೆ. ವಿವೇಕಿಗಳು ಶಾಂತವಾದ ಮಾತುಗಳನ್ನು ಮೊದಲು ಮುದ್ರಿಸಿ, ಚೀರಾಟವನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ. 2016ರ ಅಕ್ಟೋಬರಿನಲ್ಲಿ ಅಮೆರಿಕದ ಧ್ವನಿನಟರು ಆಟದ ಸಂಸ್ಥೆಗಳ ವಿರುದ್ಧ ಹೂಡಿದ ಮುಷ್ಕರದಲ್ಲಿ ಈ ಕಂಠಶ್ರಮವೂ ಒಂದು ವಿಷಯವಾಗಿತ್ತು. 2024ರ ಜುಲೈಯಲ್ಲಿ ಅವರು ಮತ್ತೆ ಮುಷ್ಕರ ಹೂಡಿದಾಗ ಪ್ರಶ್ನೆ ಬೇರೆಯಾಗಿತ್ತು: ಒಮ್ಮೆ ಮುದ್ರಿಸಿದ ಧ್ವನಿಯಿಂದ ಗಣಕಯಂತ್ರವು ಹೊಸ ಮಾತುಗಳನ್ನು ಹುಟ್ಟಿಸಬಲ್ಲುದಾದರೆ, ಆ ಧ್ವನಿಯ ಒಡೆಯನ ಒಪ್ಪಿಗೆ ಮತ್ತು ಸಂಭಾವನೆಗಳ ಗತಿಯೇನು? ಒಪ್ಪಿಗೆಯನ್ನೂ ಸಂಭಾವನೆಯನ್ನೂ ಕಾಪಾಡುವ ಕರಾರು 2025ರ ಜುಲೈಯಲ್ಲಿ ಅಂಗೀಕೃತವಾಯಿತು. ವೆಚ್ಚವನ್ನು ತಗ್ಗಿಸಬಯಸುವ ಸಣ್ಣ ತಂಡಗಳಿಗೂ ಈ ಪ್ರಶ್ನೆ ಹೊರತಾದುದಲ್ಲ. ಗೋಡೆಗೆ ಕಂಬಳಿ ಹೊದಿಸಿ ಉಳಿಸಿದ ಹಣಕ್ಕೂ, ನಟನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಉಳಿಸಿದ ಹಣಕ್ಕೂ ಅಂತರವಿದೆ.

‘ಬಾಸ್ಟಿಯನ್’ 2011ರ ಜುಲೈಯಲ್ಲಿ ಬಿಡುಗಡೆಯಾಯಿತು. 2015ರ ಆರಂಭದ ವೇಳೆಗೆ ಅದರ 30 ಲಕ್ಷ ಪ್ರತಿಗಳು ಮಾರಾಟವಾಗಿದ್ದುವು. 2012ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು ಆಟಗಳ ಅಭಿನಯಕ್ಕೆ ನೀಡುವ ಪ್ರಶಸ್ತಿಗೆ ಕನಿಂಗ್‌ಹ್ಯಾಮ್ ಅವರ ಹೆಸರನ್ನು ಪರಿಗಣಿಸಿತು. ಪ್ರಶಸ್ತಿಯೇನೋ ಪ್ರಖ್ಯಾತ ನಟ ಮಾರ್ಕ್ ಹ್ಯಾಮಿಲ್ ಅವರ ಪಾಲಾಯಿತು. ಆದರೆ ಬಟ್ಟೆಗಳ ನಡುವೆ ಮುದ್ರಿತವಾದ ಧ್ವನಿಯನ್ನು ಅವರ ಧ್ವನಿಯ ಪಕ್ಕದಲ್ಲಿಟ್ಟು ತೂಗಿದ್ದರು. ಅದೇ ತಂಡವು 2020ರಲ್ಲಿ ಪೂರ್ಣಗೊಳಿಸಿದ ‘ಹೇಡೀಸ್’ ಎಂಬ ಆಟದಲ್ಲಿ ಪಾತ್ರಗಳೂ ನಟರೂ ಹೆಚ್ಚಾದರು. ಆಗಲೂ ಕನಿಂಗ್‌ಹ್ಯಾಮ್ ಅವರೊಬ್ಬರೇ ಪಾತಾಳದ ಅಧಿಪತಿ ಹೇಡೀಸ್, ಸಮುದ್ರದೇವತೆ ಪೊಸೈಡನ್, ವೀರ ಅಕಿಲೀಸ್ ಮೊದಲಾದ ಹಲವು ಪಾತ್ರಗಳಿಗೆ ಕಂಠವನ್ನಿತ್ತರು. ನಾಯಕನಾದ ರಾಜಕುಮಾರ ಜಾಗ್ರಿಯಸನ ಮಾತುಗಳನ್ನು ಆಡಿದವರು ಮತ್ತಾರೂ ಅಲ್ಲ, ಡ್ಯಾರೆನ್ ಕಾರ್ಬ್.