ಅಧಿಕಾರಪೀಠವೂ ಧರ್ಮಶ್ರದ್ಧೆಯೂ

ಸಾರ್ವಜನಿಕ ಅಧಿಕಾರವನ್ನು ಹೊತ್ತವನ ಧರ್ಮಶ್ರದ್ಧೆಯು ರಾಜಕಾರಣದಲ್ಲಿ ಗಣನೆಗೆ ಬರಬೇಕೆ ಎಂಬುದು ಒಂದೇ ಪ್ರಶ್ನೆಯಂತೆ ತೋರಿದರೂ ಅದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಒಬ್ಬನು ಯಾವ ದೇವರನ್ನು ನಂಬುತ್ತಾನೆ, ಅಥವಾ ನಂಬುವುದೇ ಇಲ್ಲ ಎಂಬುದರ ಮೇಲೆ ಅವನ ಅರ್ಹತೆಯನ್ನು ನಿಶ್ಚಯಿಸಬಹುದೆ ಎಂಬುದು ಮೊದಲನೆಯದು. ಪದವಿಗೇರಿದ ಬಳಿಕ ಅವನು ತನ್ನ ನಂಬಿಕೆಯ ಪ್ರೇರಣೆಯಿಂದ ಮಾಡಿದ ಕಾರ್ಯವನ್ನು ಪ್ರಜೆಗಳು ವಿಮರ್ಶಿಸಬಹುದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಕೂಡದೆಂದೂ ಎರಡನೆಯದಕ್ಕೆ ಅಗತ್ಯವಾಗಿ ಎಂದೂ ಉತ್ತರಿಸುವುದು ಪ್ರಜಾಪ್ರಭುತ್ವಕ್ಕೆ ಸಲ್ಲುವ ಮಾರ್ಗ. ಇವೆರಡನ್ನೂ ಬೆರೆಸಿದಾಗ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ.

ಇಂಗ್ಲೆಂಡಿನ ಚಾರ್ಲ್ಸ್ ಬ್ರ್ಯಾಡ್ಲಾ ಪ್ರಸಿದ್ಧ ನಿರೀಶ್ವರವಾದಿ. 1880ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ ಆತನು, ದೇವರ ಹೆಸರಿನ ಪ್ರಮಾಣಕ್ಕೆ ಬದಲಾಗಿ ದೃಢವಚನವನ್ನು ಕೊಡುವುದಾಗಿ ತಿಳಿಸಿದನು. ಸಭೆ ಒಪ್ಪಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುವೆನೆಂದಾಗ, ನಂಬಿಕೆಯಿಲ್ಲದವನ ಪ್ರಮಾಣಕ್ಕೆ ಬೆಲೆಯೇನೆಂದು ಅದನ್ನೂ ತಡೆಯಿತು. ಮತದಾರರು ಮರಳಿ ಮರಳಿ ಆರಿಸಿ ಕಳುಹಿಸಿದರೂ ಆತನಿಗೆ ಸಭೆಯಲ್ಲಿ ಸ್ಥಾನ ದೊರೆತದ್ದು 1886ರಲ್ಲಿ. ಅನ್ಯಾಯವಾದುದು ಬ್ರ್ಯಾಡ್ಲಾನೊಬ್ಬನಿಗೆ ಮಾತ್ರವಲ್ಲ. ನಾರ್ಥಾಂಪ್ಟನ್ನಿನ ಜನರು ಅಷ್ಟು ಕಾಲ ತಾವು ಆರಿಸಿದ ಪ್ರತಿನಿಧಿಯ ದನಿಯನ್ನು ಕಳೆದುಕೊಂಡರು. 1888ರ ಪ್ರಮಾಣ ಕಾಯಿದೆಯು ದೃಢವಚನದ ಹಕ್ಕನ್ನು ಸ್ಥಾಪಿಸಿತು. ಮರುವರ್ಷ ಮುಂಬಯಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಭಾರತಮಿತ್ರನು ಇವನೇ.

ಈ ಪ್ರಶ್ನೆಯು ಭಾರತದ ಸಂವಿಧಾನ ಸಭೆಯ ಮುಂದೆಯೂ ಬಂದಿತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಪಟ್ಟಂ ಥಾಣು ಪಿಳ್ಳೆಯವರು ತಾವು ಆಸ್ತಿಕರೆಂದು ಹೇಳಿಕೊಂಡೇ ಅದನ್ನು ವಿರೋಧಿಸಿದರು. ನಂಬಿಕೆಯ ವಿಷಯದಲ್ಲಿ ಅದು ಬಲಾತ್ಕಾರವಾಗುವುದೆಂಬುದು ಅವರ ಆಕ್ಷೇಪ. ತಿದ್ದುಪಡಿಯು 41 ಪರ, 68 ವಿರುದ್ಧವಾಗಿ ಬಿದ್ದುಹೋಯಿತು. ಆದರೆ ಸಭೆಯು ದೇವರನ್ನು ಹೊರಗಟ್ಟಲೂ ಇಲ್ಲ. ಮೂರನೆಯ ಅನುಸೂಚಿಯ ಪ್ರಕಾರ ಮಂತ್ರಿಯು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ದೃಢವಚನ ಕೊಡಬಹುದು. ಆಯ್ಕೆ ಅವನದು. ಅಲ್ಲಿಂದ ಮುಂದಿನ ಮಾತು ಮಾತ್ರ ಎಲ್ಲರಿಗೂ ಒಂದೇ: ಸಂವಿಧಾನಕ್ಕೆ ನಿಷ್ಠೆ, ಮತ್ತು ರಾಗದ್ವೇಷವಿಲ್ಲದೆ ಸರ್ವರಿಗೂ ನ್ಯಾಯ. ಪ್ರಮಾಣದ ಮೊದಲ ಭಾಗವು ವ್ಯಕ್ತಿಯ ಅಂತರಂಗಕ್ಕೆ ಸೇರಿದ್ದು. ಎರಡನೆಯ ಭಾಗವು ಪ್ರಜೆಗಳ ಸೊತ್ತು.

ಈ ವಿವೇಕವು ತಪ್ಪಿದ ಸಂದರ್ಭವೊಂದನ್ನು ಮೈಸೂರು ಸಂಸ್ಥಾನವೂ ಕಂಡಿತ್ತು. ನಿಷ್ಠಾವಂತ ಹಿಂದೂಗಳಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1926ರಲ್ಲಿ ಮಿರ್ಜಾ ಇಸ್ಮಾಯಿಲರನ್ನು ದಿವಾನರನ್ನಾಗಿ ನೇಮಿಸಿದರು. 1928ರಲ್ಲಿ ಬೆಂಗಳೂರಿನ ಶಾಲೆಯೊಂದರ ಗಣಪತಿ ವಿಗ್ರಹದ ವಿಷಯವಾಗಿ ಎದ್ದ ವಿವಾದವು ಗಲಭೆಗೆ ತಿರುಗಿ, ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಸರ್ಕಾರದ ಕ್ರಮ ಸರಿಯೋ ತಪ್ಪೋ ಎಂದು ಕೇಳುವುದು ಪ್ರಜೆಗಳ ಹಕ್ಕಾಗಿತ್ತು. ದಿವಾನರು ಮುಸಲ್ಮಾನರಾದ್ದರಿಂದಲೇ ಹೀಗಾಯಿತೆಂಬ ಗುಮಾನಿಯಾದರೋ ವಿಚಾರಣೆಯನ್ನೇ ಅನಗತ್ಯವೆನಿಸುವಂಥದು. ಹುಟ್ಟನ್ನೇ ಸಾಕ್ಷ್ಯವೆಂದು ಹಿಡಿದರೆ ಯಾವ ಒಳ್ಳೆಯ ಆಡಳಿತವೂ ಆರೋಪಿಯನ್ನು ಬಿಡುಗಡೆ ಮಾಡಲಾರದು. ಮಹಾರಾಜರು ದಿವಾನರನ್ನು ಕೈಬಿಡಲಿಲ್ಲ. ಮಿರ್ಜಾ ಅವರು 1941ರವರೆಗೆ ಆ ಸ್ಥಾನದಲ್ಲಿದ್ದರು.

ಇದರ ಇನ್ನೊಂದು ಮುಖವು 1951ರಲ್ಲಿ ಕಾಣಿಸಿಕೊಂಡಿತು. ಪುನರ್ನಿರ್ಮಿತವಾದ ಸೋಮನಾಥ ದೇವಾಲಯದ ಪ್ರತಿಷ್ಠಾಪನೆಗೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೋಗುವುದು ಪ್ರಧಾನಿ ನೆಹರೂ ಅವರಿಗೆ ಸಮ್ಮತವಿರಲಿಲ್ಲ. ಪ್ರಸಾದರು ಮೇ 11ರಂದು ಹೋದರು. ನೆಹರೂ ಅವರು ಶಂಕಿಸಿದ್ದು ಪ್ರಸಾದರ ಭಕ್ತಿಯನ್ನಲ್ಲ, ರಾಷ್ಟ್ರಪತಿಯ ಸಾನ್ನಿಧ್ಯಕ್ಕೆ ಜನ ಕಲ್ಪಿಸುವ ಅರ್ಥವನ್ನು. ಪದವಿಯಲ್ಲಿರುವವನು ತನ್ನ ಪೂಜೆಯನ್ನು ಬಿಡಬೇಕೆಂದು ಯಾರೂ ಹೇಳಲಾರರು. ಪದವಿಯನ್ನು ಮನೆಯಲ್ಲಿರಿಸಿ ಪೂಜೆಗೆ ಹೋಗುವುದು ಸುಲಭವೂ ಅಲ್ಲ. ಇಂಥಲ್ಲಿ ಭಿನ್ನಾಭಿಪ್ರಾಯ ಸಹಜ. ಆದರೆ ಚರ್ಚೆಯು ಕೃತಿಯನ್ನು ಕುರಿತು ನಡೆಯಿತೇ ಹೊರತು ವ್ಯಕ್ತಿಯ ಅರ್ಹತೆಯನ್ನು ಕುರಿತಲ್ಲವೆಂಬುದು ಗಮನಾರ್ಹ.

ಮುಂದೆ ನ್ಯಾಯಾಲಯಗಳು ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿದವು. ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದುದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು, ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದು 1994ರಲ್ಲಿ ಸಾರಿತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123(3)ನೆಯ ಸೆಕ್ಷನ್, ಧರ್ಮದ ಆಧಾರದ ಮೇಲೆ ಓಟು ಕೇಳುವುದನ್ನು ಭ್ರಷ್ಟಾಚರಣೆಯೆಂದು ಎಣಿಸುತ್ತದೆ. 2017ರಲ್ಲಿ ಏಳು ನ್ಯಾಯಾಧೀಶರ ಪೀಠವು, ನಾಲ್ವರ ಬಹುಮತದಿಂದ, ಈ ನಿಷೇಧವು ಅಭ್ಯರ್ಥಿಯ ಧರ್ಮಕ್ಕೆ ಮಾತ್ರವಲ್ಲದೆ ಮತದಾರನ ಧರ್ಮಕ್ಕೂ ಅನ್ವಯಿಸುವುದೆಂದು ತೀರ್ಪಿತ್ತಿತು. ಧರ್ಮ, ಜಾತಿ, ಭಾಷೆಗಳ ಕಾರಣದಿಂದ ಜನರು ಅನುಭವಿಸುವ ಕಷ್ಟವನ್ನು ಚುನಾವಣೆಯಲ್ಲಿ ಚರ್ಚಿಸುವ ದಾರಿಯೇ ಮುಚ್ಚಬಾರದೆಂಬುದು ಭಿನ್ನಮತದ ಮೂವರ ಕಾಳಜಿಯಾಗಿತ್ತು.

ಆ ಸೆಕ್ಷನ್ನಿನಲ್ಲಿ ಧರ್ಮದ ಸಾಲಿನಲ್ಲಿಯೇ ಭಾಷೆಯನ್ನೂ ಹೆಸರಿಸಿರುವುದನ್ನು ಹೊರನಾಡಿನ ಕನ್ನಡಿಗರು ಲಕ್ಷಿಸಬೇಕು. ಅನ್ಯಭಾಷಾ ಪ್ರದೇಶದಲ್ಲಿ ನೆಲೆಸಿದವನು ತನ್ನ ಮನೆಮಾತಿನಿಂದ ಅಳೆಯಲ್ಪಡಬಾರದೆಂದು ಬಯಸುವುದು ನ್ಯಾಯವಾದರೆ, ಅಲ್ಪಸಂಖ್ಯಾತ ಧರ್ಮದವನೂ ನಾಸ್ತಿಕನೂ ಬಯಸುವುದು ಅದನ್ನೇ. ಅಧಿಕಾರಿಯ ಕಾರ್ಯವನ್ನು ತೂಗುವಾಗ ಪ್ರಜೆಯು ಕೇಳಿಕೊಳ್ಳಬೇಕಾದುದು ಇಷ್ಟೆ: ಇದೇ ಕಾರ್ಯವನ್ನು ಅನ್ಯಧರ್ಮೀಯನೊಬ್ಬನು ಮಾಡಿದ್ದರೆ ತನ್ನ ತೀರ್ಪು ಬದಲಾಗುತ್ತಿತ್ತೆ? ಬದಲಾಗುತ್ತಿದ್ದರೆ ದೋಷವಿರುವುದು ಅಧಿಕಾರಿಯಲ್ಲಿ ಅಲ್ಲ, ತಕ್ಕಡಿಯಲ್ಲಿ.